ಡೊಮಿನಿಕ್ ಹೊತ್ತಿದ್ದ ಎರಡು ಹೊರೆ

ಕಾಲೇಜಿನಲ್ಲಿ ರಕ್ತದಾನ ಶಿಬಿರ ಎಂದರೆ ಒಂಥರಾ ಹಬ್ಬ. ಎನ್ಎಸ್ಎಸ್‌ನವರು ಬ್ಯಾನರ್ ಕಟ್ಟುತ್ತಾರೆ, ಗೆಳೆಯರೆಲ್ಲ ಸಾಲು ನಿಲ್ಲುತ್ತೇವೆ, ಸೂಜಿ ಕಂಡು ಹೆದರುವವನನ್ನು ರೇಗಿಸುತ್ತೇವೆ, ಬಿಸ್ಕೆಟ್ ತಿಂದು, ಜ್ಯೂಸ್ ಕುಡಿದು, ಸರ್ಟಿಫಿಕೇಟ್ ಹಿಡಿದ ಫೋಟೊವನ್ನು ಸ್ಟೇಟಸ್‌ಗೆ ಹಾಕುತ್ತೇವೆ. ಅಲ್ಲಿಗೆ ಮುಗಿಯಿತು. ನಾವು ಕೊಟ್ಟ ರಕ್ತ ಬ್ಲಡ್ ಬ್ಯಾಂಕಿಗೆ ಹೋಗಿ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಎಂದು ಐದು ಪರೀಕ್ಷೆಗಳನ್ನು ದಾಟಬೇಕು ಎಂಬುದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಗೋವಾದ ಡೊಮಿನಿಕ್ ಡಿಸೋಜ ಕೂಡ ಹೀಗೇ ತಪ್ಪದೆ ರಕ್ತ ಕೊಡುತ್ತಿದ್ದವರು. ಒಂದು ಸಲ ಕೊಟ್ಟ ರಕ್ತ ಅವರ ಬದುಕನ್ನೇ ಬುಡಮೇಲು ಮಾಡಿತು. ಅವರು ತೀರಿಕೊಂಡು ಮೂರು ದಶಕ ದಾಟಿದೆ. ಇವತ್ತು ಎಚ್‌ಐವಿ ಇದೆ ಎಂಬ ಕಾರಣಕ್ಕೆ ಯಾರನ್ನೂ ಕೂಡಿಹಾಕುವಂತಿಲ್ಲ, ಕೆಲಸದಿಂದ ತೆಗೆಯುವಂತಿಲ್ಲ ಎಂದು ದೇಶದಲ್ಲಿ ಕಾನೂನಿದೆ. ಆ ದಾರಿಯ ಮೊದಲ ಹೋರಾಟಗಳಲ್ಲಿ ಡೊಮಿನಿಕ್ ಅವರದೂ ಒಂದು. 2005ರಲ್ಲಿ ಬಂದ ‘ಮೈ ಬ್ರದರ್ ನಿಖಿಲ್’ ಹಿಂದಿ ಸಿನಿಮಾ ನೋಡಿದವರಿಗೆ ಕಥೆಯ ಎಳೆ ನೆನಪಿರಬಹುದು. ಅದು ಇವರ ಬದುಕಿನಿಂದ ಪ್ರೇರಣೆ ಪಡೆದ ಸಿನಿಮಾ. ಅಲ್ಲಿ ನಾಯಕ ಈಜುಗಾರ. ನಿಜದ ಡೊಮಿನಿಕ್ ವನ್ಯಜೀವಿ ಸಂರಕ್ಷಣೆಗೆ ದುಡಿಯುವ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯ ಗೋವಾ ಕಚೇರಿಯಲ್ಲಿ ಕೆಲಸಕ್ಕಿದ್ದ ಯುವಕ.

ಪ್ರೇಮಿಗಳ ದಿನ ಬಂದ ಕರೆ

ಅದು 1989. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ, ಡಾ. ಸುನೀತಿ ಸಾಲೊಮನ್ ಅವರ ತಂಡದಿಂದ. ಮೂರು ವರ್ಷ ಕಳೆದಿದ್ದರೂ ಈ ವೈರಸ್ ಬಗ್ಗೆ ಜನರಿಗೆ ತಿಳಿದದ್ದಕ್ಕಿಂತ ಭಯವೇ ಹೆಚ್ಚು. ಮುಟ್ಟಿದರೆ ಬರುತ್ತದೆ, ಜೊತೆಗೆ ಉಂಡರೆ ಬರುತ್ತದೆ, ಸೊಳ್ಳೆ ಕಚ್ಚಿದರೆ ಬರುತ್ತದೆ ಎಂದೆಲ್ಲ ಊರೂರಲ್ಲಿ ಮಾತು. ಸರ್ಕಾರಗಳೂ ಆ ಭಯದಿಂದ ಹೊರತಾಗಿರಲಿಲ್ಲ. ಗೋವಾದಲ್ಲಿ 1985ರ ಸಾರ್ವಜನಿಕ ಆರೋಗ್ಯ ಕಾಯ್ದೆಗೆ ತಿದ್ದುಪಡಿ ತಂದು, ಎಚ್‌ಐವಿ ಇದೆ ಎಂದು ಗೊತ್ತಾದವರನ್ನು ಪ್ರತ್ಯೇಕವಾಗಿ ಇಡಬೇಕು ಎಂಬ ನಿಯಮ ಸೇರಿಸಿದ್ದರು.

ಆ ವರ್ಷದ ಫೆಬ್ರುವರಿ 14ರಂದು ಡೊಮಿನಿಕ್‌ಗೆ ಪೊಲೀಸರಿಂದ ಕರೆ ಬಂತು. ಏಕೆ ಎಂದು ಯಾರೂ ಹೇಳಲಿಲ್ಲ. ಠಾಣೆಗೆ ಹೋದವರನ್ನು ಅಲ್ಲಿಂದ ಮಾಪುಸಾ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಪ್ರಶ್ನೆಗಳು ಶುರುವಾದವು. ಪಕ್ಕ ಕೂರಿಸಿಕೊಂಡು, ನೋಡಪ್ಪ, ನಿನ್ನ ರಕ್ತದಲ್ಲಿ ಹೀಗೊಂದು ವೈರಸ್ ಸಿಕ್ಕಿದೆ, ಮುಂದೆ ಹೀಗೆ ಮಾಡೋಣ ಎಂದು ಬಿಡಿಸಿ ಹೇಳುವವರು ಒಬ್ಬರೂ ಇರಲಿಲ್ಲ. ತಮ್ಮ ಹೆಸರು ಬರೆದುಕೊಳ್ಳುತ್ತಿದ್ದ ರಿಜಿಸ್ಟರಿನ ಮೇಲೆ ಏಡ್ಸ್ ಎಂಬ ಪದ ಕಂಡಾಗಲೇ ಅವರಿಗೆ ವಿಷಯ ಗೊತ್ತಾದದ್ದು.

ಈ ಕಾಯಿಲೆ ಅವರಿಗೆ ಎಲ್ಲಿಂದ ಬಂತು ಎಂದು ಅಂದು ಊರೆಲ್ಲ ಕೇಳಿತು. ಇಂದು ಈ ಲೇಖನ ಓದುವ ಕೆಲವರೂ ಕೇಳಬಹುದು. ಸಕ್ಕರೆ ಕಾಯಿಲೆ ಬಂದವರನ್ನು, ಕ್ಯಾನ್ಸರ್ ಬಂದವರನ್ನು ನಾವು ಹಾಗೆ ಕೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವ ಸಾಲ ಡೊಮಿನಿಕ್ ಮೇಲೆ ಇರಲಿಲ್ಲ.

64 ದಿನ

ಆಸ್ಪತ್ರೆಯಿಂದ ಅವರನ್ನು ಸಾಗಿಸಿದ್ದು ಮಾಪುಸಾದಲ್ಲೇ ಇದ್ದ, ಬಳಕೆ ತಪ್ಪಿದ ಹಳೆಯ ಕ್ಷಯರೋಗ ಆಸ್ಪತ್ರೆಯ ಕಟ್ಟಡಕ್ಕೆ. ಮೈಸೂರಿನವರಿಗೆ ನಮ್ಮ ಪಿ.ಕೆ. ಸ್ಯಾನಿಟೋರಿಯಂ ಗೊತ್ತು. ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಅರಮನೆಯವರು ಕಟ್ಟಿಸಿದ್ದು. ಔಷಧಿ ಇಲ್ಲದ ಕಾಲದಲ್ಲಿ ಕ್ಷಯದವರನ್ನು ಊರಾಚೆ, ಗಾಳಿ ಬೆಳಕಿನಲ್ಲಿ ಇಟ್ಟು ಆರೈಕೆ ಮಾಡಲು ಇಂಥ ಜಾಗಗಳು ಹುಟ್ಟಿದವು. ಡೊಮಿನಿಕ್ ಅವರನ್ನು ಇಟ್ಟ ಜಾಗದಲ್ಲಿ ಮಾತ್ರ ಆರೈಕೆ ಎಂಬುದು ಇರಲಿಲ್ಲ. ಹೊರಗೆ ಪೊಲೀಸ್ ಕಾವಲು, ಒಳಗೆ ಒಬ್ಬರೇ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಎಚ್‌ಐವಿ ದೇಹ ಸೇರಿದ ಮೊದಲ ವಾರಗಳಲ್ಲಿ ಕೆಲವರಿಗೆ ಜ್ವರ ಬಂದು ಹೋಗುತ್ತದೆ, ಎಷ್ಟೋ ಜನಕ್ಕೆ ಅದೂ ಗೊತ್ತಾಗುವುದಿಲ್ಲ. ಆಮೇಲೆ ಎಂಟು ಹತ್ತು ವರ್ಷ ಹೊರಗೆ ಏನೂ ಕಾಣದೆ ಇರಬಹುದು. ಮನುಷ್ಯ ತಿನ್ನುತ್ತಾನೆ, ದುಡಿಯುತ್ತಾನೆ, ಆಡುತ್ತಾನೆ. ರಕ್ತದಾನ ಮಾಡಿಕೊಂಡು, ಕೆಲಸಕ್ಕೆ ಹೋಗಿಬರುತ್ತಿದ್ದ ಡೊಮಿನಿಕ್ ಕೂಡ ಆ ಫೆಬ್ರುವರಿಯಲ್ಲಿ ಹಾಸಿಗೆ ಹಿಡಿದ ರೋಗಿಯಾಗಿರಲಿಲ್ಲ. ಆದರೂ ಒಂದೇ ದಿನದಲ್ಲಿ ಸ್ವಾತಂತ್ರ್ಯ ಹೋಯಿತು, ಗುಟ್ಟು ಬಯಲಾಯಿತು, ಹೆಸರು ಪತ್ರಿಕೆಗಳಿಗೆ ಬಂತು. ಆ 64 ದಿನಗಳ ಸಂಕಟದಲ್ಲಿ ವೈರಸ್ಸಿನ ಪಾಲು ತೀರಾ ಕಡಿಮೆ, ಮನುಷ್ಯರ ಪಾಲೇ ಹೆಚ್ಚು.

ತಾಯಿ ಹೂಡಿದ ದಾವೆ

ಎಲ್ಲರೂ ಕೈಬಿಟ್ಟರು ಎಂದುಕೊಳ್ಳಬೇಡಿ. ಡೊಮಿನಿಕ್ ಬದುಕಿನಲ್ಲಿ ನನಗೆ ಬಹಳ ಇಷ್ಟವಾಗುವ ಭಾಗ ಇದು. ಮಗನಿಗೆ ಇಂಥ ಕಾಯಿಲೆ ಎಂದು ಗೊತ್ತಾದಾಗ ಅವರ ತಾಯಿ ಲೂಸಿ ಡಿಸೋಜ ಮುಖ ಮುಚ್ಚಿಕೊಂಡು ಮನೆಯಲ್ಲಿ ಕೂರಲಿಲ್ಲ. ಸರ್ಕಾರದ ವಿರುದ್ಧ ಹೈಕೋರ್ಟಿಗೆ ಹೋದರು. ಬಾಂಬೆ ಹೈಕೋರ್ಟಿನ ಗೋವಾ ಪೀಠದಲ್ಲಿ ನಡೆದ ಆ ಪ್ರಕರಣ ಇಂದಿಗೂ ಅವರ ಹೆಸರಿನಲ್ಲೇ ಇದೆ, ಲೂಸಿ ಡಿಸೋಜ ವಿರುದ್ಧ ಗೋವಾ ರಾಜ್ಯ ಎಂದು. ಕಾನೂನು ಓದುವ ಗೆಳೆಯರು ಇದ್ದರೆ ಕೇಳಿ ನೋಡಿ. ಲಾಯರ್ಸ್ ಕಲೆಕ್ಟಿವ್ ಎಂಬ ವಕೀಲರ ಸಂಸ್ಥೆಯ ಆನಂದ್ ಗ್ರೋವರ್ ಇವರ ಪರ ನಿಂತರು. ಗೆಳೆಯರೂ ಊರವರೂ ಬೀದಿಗಿಳಿದು ಬಿಡುಗಡೆಗೆ ಒತ್ತಾಯಿಸಿದರು.

ಏಪ್ರಿಲ್‌ನಲ್ಲಿ ನ್ಯಾಯಾಲಯದ ಮಧ್ಯಂತರ ಆದೇಶದಿಂದ ಡೊಮಿನಿಕ್ ಹೊರಬಂದರು. ಆದರೆ ಅಂತಿಮ ತೀರ್ಪು ಅವರು ಬಯಸಿದಂತೆ ಬರಲಿಲ್ಲ. ಸಮಾಜದ ಹಿತದ ಮುಂದೆ ಒಬ್ಬ ವ್ಯಕ್ತಿಯ ಹಕ್ಕು ಹಿಂದೆ ಸರಿಯಬೇಕಾಗುತ್ತದೆ ಎಂಬ ನೆಲೆಯಲ್ಲಿ ನ್ಯಾಯಾಲಯ ಪ್ರತ್ಯೇಕವಾಗಿ ಇಡುವ ನಿಯಮವನ್ನು ಎತ್ತಿಹಿಡಿಯಿತು. ಕಾಯ್ದೆಯಲ್ಲಿ ಆದ ಬದಲಾವಣೆ ಒಂದೇ: ಕಡ್ಡಾಯವಾಗಿದ್ದದ್ದು ಸರ್ಕಾರದ ವಿವೇಚನೆಗೆ ಬಿಟ್ಟ ವಿಷಯವಾಯಿತು. ಅಂದರೆ ಡೊಮಿನಿಕ್ ತಾವು ಹೊರಬಂದರು, ಆ ನಿಯಮವನ್ನು ಪೂರ್ತಿ ಸೋಲಿಸಲು ಅವರಿಂದ ಆಗಲಿಲ್ಲ. ಹೀರೋ ಕೊನೆಗೆ ಗೆಲ್ಲುವ ಸಿನಿಮಾ ಅಲ್ಲ ಇದು.

ಎರಡು ಬಗೆಯ ಹೊರೆ

ನಾನು ಬಿಇ ಸಿವಿಲ್ ವಿದ್ಯಾರ್ಥಿ. ಕಟ್ಟಡದ ಲೆಕ್ಕ ಹಾಕುವಾಗ ನಮಗೆ ಮೊದಲು ಹೇಳಿಕೊಡುವುದೇ ಡೆಡ್ ಲೋಡ್, ಲೈವ್ ಲೋಡ್ ಎಂಬ ಎರಡು ಹೊರೆಗಳನ್ನು. ಗೋಡೆ, ತೊಲೆ, ಚಾವಣಿಯ ಸ್ವಂತ ಭಾರ ಡೆಡ್ ಲೋಡ್, ಅದು ಸದಾ ಇದ್ದೇ ಇರುತ್ತದೆ. ಒಳಗೆ ಓಡಾಡುವ ಜನ, ಇಡುವ ಸಾಮಾನು ಲೈವ್ ಲೋಡ್, ಅದು ಏರುತ್ತದೆ, ಇಳಿಯುತ್ತದೆ. ಕಂಬ ತಾಳಬೇಕಾದದ್ದು ಎರಡನ್ನೂ ಕೂಡಿಸಿದ ಭಾರವನ್ನು. ಎಚ್‌ಐವಿ ಇರುವವರ ಕಷ್ಟದ ಬಗ್ಗೆ ಓದುವಾಗ ನನಗೆ ಈ ಲೆಕ್ಕವೇ ನೆನಪಾಗುತ್ತದೆ.

ಮೊದಲನೆಯದು ದೇಹದ ಹೊರೆ. ರೋಗ ತಡೆಯುವ ಕೆಲಸದಲ್ಲಿ ಮುಖ್ಯವಾದ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ಈ ವೈರಸ್ ಹೊಕ್ಕು ಹಾಳು ಮಾಡುತ್ತದೆ. ಅವು ಕಡಿಮೆಯಾದ ಹಾಗೆ ಸುಸ್ತು, ತೂಕ ಇಳಿಯುವುದು, ಬಿಡದ ಜ್ವರ, ರಾತ್ರಿ ಬೆವರು, ಭೇದಿ, ಬಾಯಲ್ಲಿ ಬಿಳಿ ಅಗ್ರ, ಮೈ ತುರಿಕೆ, ಪಾದಗಳಲ್ಲಿ ಜೋಮು, ಉರಿ ಒಂದೊಂದಾಗಿ ಬರುತ್ತವೆ. ಇದರ ಮೇಲೆ ಕ್ಷಯ ಬಂದು ಸೇರಿಕೊಳ್ಳುವುದು ನಮ್ಮ ದೇಶದಲ್ಲಿ ಬಹಳ ಸಾಮಾನ್ಯ.

ಎರಡನೆಯದು ಮನಸ್ಸಿನ ಹೊರೆ. ನಿದ್ದೆ ಬರುವುದಿಲ್ಲ. ಯಾವುದರಲ್ಲೂ ಆಸಕ್ತಿ ಇರುವುದಿಲ್ಲ. ನೆಗಡಿಯಾದರೂ ಇದೇ ಕೊನೆ ಎಂಬ ಭಯ. ಮಕ್ಕಳ ಮದುವೆಯ ಚಿಂತೆ. ಯಾರಿಗೆ ಹೇಳಲಿ, ಹೇಳಿದರೆ ಏನಾಗುತ್ತದೆ ಎಂಬ ಲೆಕ್ಕಾಚಾರ. ಬರಬರುತ್ತಾ ಖಿನ್ನತೆ, ಕೆಲವರಲ್ಲಿ ಬದುಕೇ ಬೇಡ ಎಂಬ ಯೋಚನೆ. ಇವು ರಕ್ತಪರೀಕ್ಷೆಯಲ್ಲಿ ಕಾಣುವುದಿಲ್ಲ. ವೈದ್ಯರು ಕೇಳದಿದ್ದರೆ ರೋಗಿ ತಾನಾಗಿ ಹೇಳುವುದೂ ಕಡಿಮೆ.

ಡೊಮಿನಿಕ್ ಕಾಲದಲ್ಲಿ ಎರಡೂ ಹೊರೆ ಪೂರ್ತಿ ಭಾರ. 1987ರಲ್ಲಿ ಅಮೆರಿಕದಲ್ಲಿ ಎಜೆಡ್‌ಟಿ ಎಂಬ ಮೊದಲ ಔಷಧಿಗೆ ಒಪ್ಪಿಗೆ ಸಿಕ್ಕಿತ್ತು. ಅದು ದುಬಾರಿ, ಜೊತೆಗೆ ಒಂದೇ ಔಷಧಿ ನಂಬಿದರೆ ವೈರಸ್ ಬೇಗ ಅದಕ್ಕೆ ಒಗ್ಗಿಕೊಳ್ಳುತ್ತಿತ್ತು. ಮೂರು ಔಷಧಿಗಳನ್ನು ಕೂಡಿಸಿ ಕೊಟ್ಟರೆ ವೈರಸ್ಸನ್ನು ಹತೋಟಿಯಲ್ಲಿ ಇಡಬಹುದು ಎಂದು ಜಗತ್ತಿಗೆ ಸ್ಪಷ್ಟವಾದದ್ದು 1996ರಲ್ಲಿ. ಆಗ ಡೊಮಿನಿಕ್ ಇರಲಿಲ್ಲ.

ಉಳಿದ ಮೂರು ವರ್ಷ

ಬಿಡುಗಡೆಯಾದ ಮೇಲೆ ಅವರಿಗೆ ಸಿಕ್ಕದ್ದು ಮೂರು ವರ್ಷ ಚಿಲ್ಲರೆ. ಹೆಸರು ಬದಲಿಸಿಕೊಂಡು ದೊಡ್ಡ ಊರೊಂದರಲ್ಲಿ ಕರಗಿಹೋಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ನನಗೆ ಎಚ್‌ಐವಿ ಇದೆ ಎಂದು ಮುಖ ತೋರಿಸಿ ಮಾತಾಡುವವರು ದೇಶದಲ್ಲಿ ಬೆರಳೆಣಿಕೆಯಷ್ಟು ಇದ್ದ ಕಾಲದಲ್ಲಿ ಅವರು ಹೊರಗೆ ಬಂದು ಮಾತಾಡಿದರು. ಪರೀಕ್ಷೆಗೆ ಮೊದಲು ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು, ಹೇಳುವಾಗ ಧೈರ್ಯ ಹೇಳುವವರು ಪಕ್ಕದಲ್ಲಿ ಇರಬೇಕು ಎಂಬ, ಇವತ್ತು ಸಾಮಾನ್ಯ ಎನ್ನಿಸುವ ಮಾತುಗಳು ಅವರ ಪಾಲಿಗೆ ಪುಸ್ತಕದ ಬದನೆಕಾಯಿ ಆಗಿರಲಿಲ್ಲ. ಆ ಮೂರೂ ಇಲ್ಲದೆ ಹೋದರೆ ಏನಾಗುತ್ತದೆ ಎಂದು ಅನುಭವಿಸಿ ಬಂದವರು ಅವರು.

ಕೊನೆಗೆ ಇದ್ದ ಕೆಲಸವನ್ನೂ ಬಿಟ್ಟು, 1992ರಲ್ಲಿ ರಂಗಕರ್ಮಿ ಗೆಳತಿ ಇಸಾಬೆಲ್ ದ ಸಾಂತಾ ರೀಟಾ ವಾಜ್ ಮೊದಲಾದವರ ಜೊತೆ ಸೇರಿ ‘ಪಾಸಿಟಿವ್ ಪೀಪಲ್’ ಎಂಬ ಸಂಸ್ಥೆ ಕಟ್ಟಿದರು. ಎಚ್‌ಐವಿ ಇರುವವರಿಗೆ, ಅವರ ಮನೆಯವರಿಗೆ ಆಸರೆಯಾಗುವುದು, ಜನರಿಗೆ ಸರಿಯಾದ ತಿಳಿವಳಿಕೆ ಕೊಡುವುದು ಅದರ ಉದ್ದೇಶ. ತಮ್ಮನ್ನು ಕೂಡಿಹಾಕಿದಾಗ ಯಾರು ಇರಬೇಕಿತ್ತು ಎಂದು ಅವರಿಗೆ ಅನ್ನಿಸಿತ್ತೋ, ಮುಂದೆ ಬರುವವರಿಗೆ ಅಂಥವರು ಇರಲಿ ಎಂದು ಮಾಡಿದ ಕೆಲಸ ಅದು. ಅದೇ ವರ್ಷ, 1992ರ ಮೇ 27ರಂದು, ಡೊಮಿನಿಕ್ ಏಡ್ಸ್‌ನಿಂದ ತೀರಿಕೊಂಡರು. ಮೂವತ್ತರ ಆಸುಪಾಸಿನ ವಯಸ್ಸು. ನಮ್ಮಲ್ಲಿ ಕೆಲವರು ಇನ್ನೂ ಕೆಪಿಎಸ್‌ಸಿಗೆ ಅರ್ಜಿ ಹಾಕುತ್ತಿರುವ ವಯಸ್ಸು. ಸಂಸ್ಥೆ ಮಾತ್ರ ಅವರ ನಂತರವೂ ನಡೆಯಿತು.

ನಮ್ಮ ಎರಡು ತಾಲ್ಲೂಕುಗಳ ನಡುವೆ

ಗೋವಾದ ಕಥೆ ನಮಗೇಕೆ ಎನ್ನಬಹುದು. ದೇಶದಲ್ಲಿ ಇಂದು ಸುಮಾರು 25 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಸಂಖ್ಯೆ ಹೆಚ್ಚಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಅಂದಮೇಲೆ ನಂಜನಗೂಡಿನಲ್ಲೂ ತಿ. ನರಸೀಪುರದಲ್ಲೂ ನಮ್ಮ ಜೊತೆ ಅದೇ ಬಸ್ಸಿನಲ್ಲಿ ಕೂತವರಲ್ಲಿ ಅವರೂ ಇರುತ್ತಾರೆ.

ನನಗೆ ಪರಿಚಯದ ಅಕ್ಕ ಒಬ್ಬರಿದ್ದಾರೆ. ಅವರ ಒಪ್ಪಿಗೆ ಪಡೆದು, ಗುರುತು ಮರೆಸಿ ಬರೆಯುತ್ತಿದ್ದೇನೆ. ಗಂಡನಿಂದ ಬಂದ ಸೋಂಕು, ಗಂಡ ಈಗಿಲ್ಲ. ಕಾರ್ಖಾನೆಯೊಂದರಲ್ಲಿ ಕೆಲಸ. ಹತ್ತಿರದಲ್ಲಿ ಸಿಗುವ ಮಾತ್ರೆಗೆ ಮೈಸೂರಿಗೆ ಬಸ್ ಹತ್ತುತ್ತಾರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಊರಿನವರು ಕಂಡಾರು ಎಂದು. ಮನೆಯಲ್ಲಿ ಶುಗರ್ ಮಾತ್ರೆ ಎಂದು ಹೇಳಿದ್ದಾರೆ. ಡಬ್ಬಿ ಅಲುಗಿದರೆ ಗಲಗಲ ಸದ್ದಾಗುತ್ತದೆ ಎಂದು ಮಾತ್ರೆಗಳನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಡಬ್ಬಿಗೆ ಹಾಕಿಕೊಳ್ಳುತ್ತಾರೆ. ನೆಂಟರು ಬಂದು ಉಳಿದರೆ ಆ ರಾತ್ರಿ ಮಾತ್ರೆ ತಪ್ಪುತ್ತದೆ. ದೇಹಕ್ಕೆ ಈಗ ಅಂಥ ತೊಂದರೆ ಏನಿಲ್ಲ. ನಿದ್ದೆ ಮಾತ್ರ ಇಲ್ಲ.

ನಂಜನಗೂಡು ಕಾಯಿಲೆಯವರ ಹರಕೆಯ ಊರು. ಹೊಟ್ಟೆನೋವು, ಚರ್ಮರೋಗ ಏನೇ ಇರಲಿ, ಕಪಿಲೆಯಲ್ಲಿ ಮಿಂದು, ಉರುಳು ಸೇವೆ ಮಾಡಿ, ಮುಡಿ ಕೊಟ್ಟು, ಏತಕ್ಕೆ ಬಂದೆವೆಂದು ಪಕ್ಕದವರಿಗೂ ಹೇಳಿಕೊಂಡು ಹಗುರಾಗುತ್ತಾರೆ. ಈ ಅಕ್ಕ ಹರಕೆಯನ್ನೂ ಬಾಯಿಬಿಟ್ಟು ಹೇಳುವಂತಿಲ್ಲ. ವಿಷವನ್ನು ಗಂಟಲಲ್ಲಿ ಇಟ್ಟುಕೊಂಡ ನಂಜುಂಡನ ಊರಿನಲ್ಲಿ ಎಷ್ಟು ಜನ ಹೀಗೆ ನುಂಗಲೂ ಆಗದೆ, ಉಗುಳಲೂ ಆಗದೆ ಬದುಕುತ್ತಿದ್ದಾರೋ.

ಡೊಮಿನಿಕ್ ಕಾಲಕ್ಕೂ ಈ ಅಕ್ಕನ ಕಾಲಕ್ಕೂ ಇರುವ ವ್ಯತ್ಯಾಸ ದೊಡ್ಡದು. 2004ರ ಏಪ್ರಿಲ್‌ನಿಂದ ಸರ್ಕಾರ ಎಆರ್‌ಟಿ ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದೆ. ಮೊದಲ ಮಾತ್ರೆಗಳಲ್ಲಿ ರಕ್ತಹೀನತೆ, ಪಾದದ ಉರಿ, ತಲೆಸುತ್ತು, ಕೆಟ್ಟ ಕನಸು ಎಂದು ಅಡ್ಡಪರಿಣಾಮ ಹೆಚ್ಚಿದ್ದವು. ಈಗಿನ ಡೊಲುಟೆಗ್ರಾವಿರ್ ಇರುವ ಮಾತ್ರೆ ದಿನಕ್ಕೊಂದು ಸಾಕು, ತೊಂದರೆಯೂ ಕಡಿಮೆ. ಕೆಲವರಿಗೆ ತೂಕ ಏರುವುದು, ನಿದ್ದೆ ಕೆಡುವುದು ಇದೆ, ಅದನ್ನು ವೈದ್ಯರಿಗೆ ಹೇಳಿದರೆ ದಾರಿ ಉಂಟು. ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ಉಳಿದರೆ, ಲೈಂಗಿಕ ಸಂಪರ್ಕದಿಂದಲೂ ಇನ್ನೊಬ್ಬರಿಗೆ ಹರಡುವುದಿಲ್ಲ. ಬೇಗ ಚಿಕಿತ್ಸೆ ಶುರುಮಾಡಿದವರು ಬೇರೆಯವರಷ್ಟೇ ಕಾಲ ಬದುಕಬಹುದು.

ಅಂದರೆ ವಿಜ್ಞಾನ ಡೆಡ್ ಲೋಡ್ ಅನ್ನು ಬಹುಪಾಲು ಇಳಿಸಿಬಿಟ್ಟಿದೆ. ಲೈವ್ ಲೋಡ್ ನಮ್ಮ ಕೈಯಲ್ಲಿದೆ. ಅದನ್ನು ನಾವು ಇಳಿಸದಿದ್ದರೆ ವಿಜ್ಞಾನ ಮಾಡಿದ್ದೂ ವ್ಯರ್ಥವಾಗುತ್ತದೆ. ಹೇಗೆಂದರೆ, ಯಾರಾದರೂ ನೋಡಿಯಾರು ಎಂಬ ಭಯಕ್ಕೆ ಮಾತ್ರೆ ತಪ್ಪುತ್ತದೆ. ಖಿನ್ನತೆ ಇರುವವರಿಗೆ ಮಾತ್ರೆ ನುಂಗುವ ಮನಸ್ಸೇ ಇರುವುದಿಲ್ಲ. ಪದೇ ಪದೇ ತಪ್ಪಿದರೆ ವೈರಸ್ ಮತ್ತೆ ಏರುತ್ತದೆ, ಔಷಧಿಗೆ ಬಗ್ಗದಂತೆ ಆಗುತ್ತದೆ, ಕೊನೆಗೆ ದೇಹದ ಲಕ್ಷಣಗಳೆಲ್ಲ ವಾಪಸ್ ಬರುತ್ತವೆ. ಪಕ್ಕದ ಮನೆಯವರು ಲೋಟ ಬೇರೆ ಇಟ್ಟದ್ದು ಹೀಗೆ ಸುತ್ತಿಬಳಸಿ ಒಬ್ಬರ ಶ್ವಾಸಕೋಶದವರೆಗೆ ತಲುಪುತ್ತದೆ.

ಕೆಲಸ ಹುಡುಕುವ ನಮಗೆ

ಡೊಮಿನಿಕ್ ಸೋತ ದಾವೆಯಲ್ಲಿ ಎತ್ತಿದ್ದ ಪ್ರಶ್ನೆಗೆ ಉತ್ತರ ತಡವಾಗಿಯಾದರೂ ಬಂತು. 2017ರಲ್ಲಿ ಸಂಸತ್ತು ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಮಾಡಿತು, 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಗೋವಾದಲ್ಲಿ ಒಮ್ಮೆ ಕಾನೂನೇ ಹೇಳಿದ್ದ ಬೇರ್ಪಡಿಸಿ ಇಡುವ ಕೆಲಸವನ್ನು ಈ ಕಾನೂನು ತಾರತಮ್ಯ ಎಂದು ನಿಷೇಧಿಸಿದೆ. ಕಾಲೇಜಿನ ಸೀಟು, ಬಾಡಿಗೆ ಮನೆ, ಆಸ್ಪತ್ರೆಯ ಚಿಕಿತ್ಸೆ ಯಾವುದನ್ನೂ ಈ ಕಾರಣಕ್ಕೆ ಅನ್ಯಾಯವಾಗಿ ನಿರಾಕರಿಸುವಂತಿಲ್ಲ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ. ಕೆಲಸ ಕೊಡಬೇಕಾದರೆ ಮೊದಲು ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಬಾ ಎಂದು ಷರತ್ತು ಹಾಕುವಂತಿಲ್ಲ. 100 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಇಂಥ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು. ಕ್ಯಾಂಪಸ್ ಇಂಟರ್‌ವ್ಯೂ ಮುಗಿಸಿ ಮೆಡಿಕಲ್ ಟೆಸ್ಟ್‌ಗೆ ಹೋಗುವ ನಾವೆಲ್ಲ ಇದನ್ನು ತಿಳಿದಿರಬೇಕು. ನಾಳೆ ನಮ್ಮಲ್ಲೇ ಯಾರೋ ಎಚ್‌ಆರ್ ಆಗುತ್ತೇವೆ, ಸೂಪರ್‌ವೈಸರ್ ಆಗುತ್ತೇವೆ, ಆಗಲೂ ಮರೆಯಬಾರದು.

ರಕ್ತದಾನ ಮಾಡಲು ಹೆದರಬೇಡಿ. ಹೊಸ ಸೂಜಿ ಬಳಸುವುದರಿಂದ ಕೊಡುವವರಿಗೆ ಯಾವ ಸೋಂಕೂ ತಗಲುವುದಿಲ್ಲ. ಆದರೆ ನಿಮ್ಮ ಬಗ್ಗೆ ಅನುಮಾನ ಇದ್ದರೆ ಪರೀಕ್ಷೆಗೆಂದು ರಕ್ತದಾನ ಮಾಡಬೇಡಿ. ಸೋಂಕು ತಗಲಿದ ಹೊಸದರಲ್ಲಿ ಪರೀಕ್ಷೆಗೆ ಅದು ಸಿಗದೆ ಇರಬಹುದು, ಆ ರಕ್ತ ಇನ್ನೊಬ್ಬರಿಗೆ ಹೋಗಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರ ಇದೆ. ಅಲ್ಲಿ ಪರೀಕ್ಷೆ ಉಚಿತ, ಗುಟ್ಟಾಗಿರುತ್ತದೆ, ಮುಂಚೆಯೂ ಆಮೇಲೂ ಮಾತಾಡಲು ಆಪ್ತ ಸಮಾಲೋಚಕರು ಇರುತ್ತಾರೆ. 1097ಕ್ಕೆ ಫೋನ್ ಮಾಡಿದರೂ ಮಾಹಿತಿ ಸಿಗುತ್ತದೆ.

ಇನ್ನು ನಿಮ್ಮ ಗೆಳೆಯನೋ, ನೆಂಟರೋ, ಸಹೋದ್ಯೋಗಿಯೋ ನಂಬಿ ಈ ವಿಷಯ ಹೇಳಿಕೊಂಡರೆ ಎಲ್ಲಿಂದ ಬಂತು ಎಂದು ಕೇಳಬೇಡಿ. ಊಟ ಆಯ್ತಾ, ರಾತ್ರಿ ನಿದ್ದೆ ಬರುತ್ತಾ, ಮಾತ್ರೆ ತಪ್ಪದೆ ತಗೊಳ್ತಿದ್ದೀರಾ ಎಂದು ಕೇಳಿ. ಅವರು ಹೇಳಿದ್ದು ನಿಮ್ಮಲ್ಲೇ ಉಳಿಯಲಿ. ಲೂಸಿ ಡಿಸೋಜ ಅವರಂತೆ ಕೋರ್ಟು ಹತ್ತುವುದು ಎಲ್ಲರಿಂದ ಆಗದಿರಬಹುದು. ಇಷ್ಟನ್ನಂತೂ ಮಾಡಬಹುದಲ್ಲ?